ಅಡುಗೆಮನೆ ಹೊಸದಾಗಿ ಮಾಡಿಸಬೇಕು: ಮೂರು ಕೊಟೇಶನ್ ಬಂದಿವೆ, ಯಾರಿಗೆ ಕೊಡಲಿ?

ರೊಟ್ಟಿಮನೆ (ಮುಲುಂಡ್ ಪೂರ್ವ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ. ಮೂರು ಕೊಟೇಶನ್ ಮುಂದಿಟ್ಟುಕೊಂಡು ಹದಿನೈದು ದಿನ ಆಯಿತು. ಯಾರಿಗೆ ಹೂಂ ಅನ್ನಬೇಕೋ ಗೊತ್ತಾಗುತ್ತಿಲ್ಲ.

ನಮ್ಮದು 1987ರ ಕಟ್ಟಡ. ಲಿಫ್ಟ್ ಇಲ್ಲ, ಮೂರನೇ ಮಹಡಿ. ಅಡುಗೆಮನೆ 7 ಅಡಿಗೆ 9 ಅಡಿ. ಒಂದು ಗೋಡೆಗೆ ಕಡಪಾ ಕಲ್ಲಿನ ಕಟ್ಟೆ, ಇಲ್ಲಿನವರ ಮಾತಲ್ಲಿ ಓಟಾ. ಅದರ ಕೆಳಗೆ ಬಾಗಿಲಿಲ್ಲ, ನಾನೇ ಹೊಲಿದ ಪರದೆ ಇದೆ. ಮೂಲೆಯಲ್ಲಿ ಪಾತ್ರೆ ತಿಕ್ಕುವ ಮೋರಿ. ಮೇಲೆ ಮಾಳಾ, ಅಂದರೆ ಸಾಮಾನಿಡುವ ಅಟ್ಟ, ಮಾಳಾದ ಮೇಲೆ ನೀರಿನ ಟ್ಯಾಂಕು, ಯಾಕೆಂದರೆ ನಮಗೆ ನೀರು ಬರುವುದು ಬೆಳಿಗ್ಗೆ ಮಾತ್ರ. ಪೈಪೆಲ್ಲ ಹಳೇ ಕಬ್ಬಿಣದ್ದು. ಬೆಳಿಗ್ಗೆ ನಳ ಬಿಟ್ಟರೆ ಮೊದಲ ಎರಡು ತಂಬಿಗೆ ನೀರು ಕಂದು ಬಣ್ಣ.

ಮನೆಯಲ್ಲಿ ನಾವು ನಾಲ್ಕು ಜನ. ಯಜಮಾನರು, ನಾನು, ಮಗಳು, ಮತ್ತೆ 76 ವರ್ಷದ ಅತ್ತೆಯವರು. ಧಾರವಾಡದ ಮನೆ ನಮ್ಮದು. ದಿನಾ ಹದಿನಾಲ್ಕು ಹದಿನೈದು ಜೋಳದ ರೊಟ್ಟಿ ಆಗಲೇಬೇಕು. ಅತ್ತೆ ಮೊದಲಿಂದಲೂ ನೆಲದ ಮೇಲೆ ಕೂತು ರೊಟ್ಟಿ ಬಡಿದವರು. ಹೋದ ವರ್ಷದಿಂದ ಮಂಡಿ ಮಡಚುವುದಿಲ್ಲ. ನಿಂತು ಬಡಿಯೋಣ ಎಂದರೆ ಕಟ್ಟೆ 35 ಇಂಚು ಎತ್ತರ. ನಾನು ಐದಡಿ, ಅವರು ನನಗಿಂತ ಕುಳ್ಳು. ನಾನು ಮಣೆ ಹಾಕಿಕೊಂಡು ಅದರ ಮೇಲೆ ನಿಂತು ಬಡಿಯುತ್ತೇನೆ. ರಾತ್ರಿ ಬಲಭುಜ ಎತ್ತಲು ಆಗುವುದಿಲ್ಲ. ಅತ್ತೆ ಬಾಯಿಬಿಟ್ಟು ಏನೂ ಹೇಳಲಿಲ್ಲ, ಆದರೆ ಮಳೆಗಾಲದಲ್ಲಿ ಮೋರಿಯ ಹತ್ತಿರ ಒಂದು ಸಲ ಜಾರಿದರು. ಅವತ್ತೇ ತೀರ್ಮಾನ ಮಾಡಿದೆವು, ಇನ್ನು ಮುಂದೂಡುವುದು ಬೇಡ ಅಂತ.

ಈಗ ಬಂದಿರುವ ಕೊಟೇಶನ್‌ಗಳು.

ಮೊದಲನೆಯದು ಒಂದು ಮಾಡ್ಯುಲರ್ ಅಂಗಡಿಯವರದು. 4,10,000. ಕಂಪ್ಯೂಟರಿನಲ್ಲಿ ಬಣ್ಣಬಣ್ಣದ ಚಿತ್ರ ತೋರಿಸಿದರು, ಚೆನ್ನಾಗಿತ್ತು. 45 ದಿನ, ಅರ್ಧ ಹಣ ಮುಂಗಡ. ಒಡೆಯುವುದು, ಪೈಪು, ಟೈಲ್ಸ್ ಇದರಲ್ಲಿ ಬರುತ್ತದಾ ಎಂದು ಕೇಳಿದೆ. ಅದು ಬೇರೆ ಮೇಡಮ್, ಅಂದರು.

ಎರಡನೆಯವರು ನಮ್ಮ ಹೌಸಿಂಗ್ ಸೊಸೈಟಿಯಲ್ಲೇ ಎರಡು ಮನೆ ಮಾಡಿದ ಕಾಂಟ್ರಾಕ್ಟರ್. 2,90,000. ಅರ್ಧ ಹಾಳೆ. ಅದರಲ್ಲಿ ಬರೆದಿರುವುದು ಮಟೀರಿಯಲ್ ಸಮೇತ ಕಿಚನ್ ಪೂರ್ತಿ, ಅಷ್ಟೇ. 60 ಪರ್ಸೆಂಟ್ ಮೊದಲೇ ಕೊಡಬೇಕು, ಬಿಲ್ ಕೊಡುವುದಿಲ್ಲ.

ಮೂರನೆಯವರು ಭಾಂಡುಪ್‌ನ ಒಬ್ಬ ಮರಾಠಿ ಮಿಸ್ತ್ರಿ. ಬರೀ ಮಜೂರಿ 95,000, ಸಾಮಾನೆಲ್ಲ ನಾವೇ ತರಬೇಕು. ಈತ ಎರಡು ಗಂಟೆ ಮನೆಯಲ್ಲಿದ್ದ. ಗೋಡೆ ತಟ್ಟಿ ನೋಡಿದ, ಮೋರಿಯ ಜಾಳಿಗೆ ಎತ್ತಿ ಟಾರ್ಚ್ ಬಿಟ್ಟು ನೋಡಿದ, ನೋಟ್‌ಬುಕ್ಕಿನಲ್ಲಿ ನಾಲ್ಕು ಪುಟ ಅಳತೆ ಬರೆದುಕೊಂಡ. ಇವನಿಗೆ ಕೊಡೋಣ ಎಂದು ನನ್ನ ಮನಸ್ಸು ಹೇಳುತ್ತದೆ. ಆದರೆ ಯಜಮಾನರು ಏಳೂವರೆಯ ಲೋಕಲ್ ಹಿಡಿದರೆ ರಾತ್ರಿ ಎಂಟಕ್ಕೆ ಬರುವವರು. ಸಿಮೆಂಟಿನಿಂದ ಹಿಡಿದು ಮೊಳೆವರೆಗೂ ನಾನೊಬ್ಬಳೇ ಓಡಾಡಬೇಕು.

ಹೆದರಿಕೆಗೆ ಕಾರಣ ಇದೆ. 2021ರಲ್ಲಿ ಬಚ್ಚಲುಮನೆ ಮಾಡಿಸಿದ್ದೆವು. ಪರಿಚಯದವರು ಹೇಳಿದ ಕಾಂಟ್ರಾಕ್ಟರ್. ಕೆಲಸ ಅರ್ಧ ಆಗುವ ಮೊದಲೇ ಮುಕ್ಕಾಲು ಹಣ ತೆಗೆದುಕೊಂಡ. ಆಮೇಲೆ ಫೋನ್ ಎತ್ತಲಿಲ್ಲ. ಟೈಲ್ಸ್ ಹಾಕುವ ಮೊದಲು ನೀರು ನಿಲ್ಲಿಸಿ ನೋಡಬೇಕಂತೆ, ನಮಗೆ ಗೊತ್ತಿರಲಿಲ್ಲ. ಆರು ತಿಂಗಳಲ್ಲಿ ಕೆಳಗಿನ ಮನೆಯ ಸೀಲಿಂಗ್ ನೆನೆಯಿತು. ಅವರ ಮನೆಯ ರಿಪೇರಿ, ನಮ್ಮದನ್ನು ಮತ್ತೆ ಒಡೆದು ಕಟ್ಟಿದ್ದು, ಎರಡೂ ನಮ್ಮ ತಲೆಗೇ ಬಂತು. ಕೆಳಗಿನ ಮನೆಯ ಕಾಕೂ (ಮರಾಠಿಯಲ್ಲಿ ಚಿಕ್ಕಮ್ಮ) ನನ್ನ ಜೊತೆ ನಾಲ್ಕು ತಿಂಗಳು ಮಾತಾಡಲಿಲ್ಲ. ಇಪ್ಪತ್ತು ವರ್ಷದ ಒಡನಾಟ. ಹಣಕ್ಕಿಂತ ಅದು ಜಾಸ್ತಿ ನೋವಾಯಿತು.

ಹಾಗಾಗಿ ಕೇಳುತ್ತಿದ್ದೇನೆ. ಈ ಮೂರನ್ನು ಹೇಗೆ ಹೋಲಿಸುವುದು? ಮುಂಗಡ ಎಷ್ಟು ಕೊಡುವುದು ಸರಿ? ಏನೇನು ಬರೆಸಿಕೊಳ್ಳಬೇಕು? ಪ್ಲೈ ಒಳ್ಳೆಯದೋ ಅಲ್ಲವೋ ಎಂದು ನನ್ನಂಥವಳು ಹೇಗೆ ತಿಳಿಯುವುದು? ನಮ್ಮ ಉಳಿತಾಯ ಮೂರೂವರೆ ಲಕ್ಷ, ಅದಕ್ಕಿಂತ ಮೇಲೆ ಹೋಗಲು ಆಗುವುದಿಲ್ಲ.

ಸೈಟ್ ಎಂಜಿನಿಯರ್ (ಠಾಣೆ)

ಅಕ್ಕಾ ನಮಸ್ಕಾರ. ನಾನು ವಿಜಯಪುರದವನು, ಠಾಣೆ ಕಡೆ 22 ವರ್ಷದಿಂದ ಕಟ್ಟಡದ ಕೆಲಸ ನೋಡಿಕೊಳ್ಳುತ್ತಿದ್ದೇನೆ.

ಮೊದಲು ಒಂದು ಮಾತು. ನಿಮ್ಮ ಕೈಯಲ್ಲಿರುವ ಮೂರು ಕೊಟೇಶನ್ ಮೂರು ಬೇರೆ ಬೇರೆ ಕೆಲಸಕ್ಕೆ ಬಂದಿವೆ. ಒಬ್ಬರು ಕಪಾಟಿಗೆ ಮಾತ್ರ ಹೇಳಿದ್ದಾರೆ, ಇನ್ನೊಬ್ಬರು ಏನಕ್ಕೆ ಹೇಳಿದ್ದಾರೋ ಅವರಿಗೇ ಗೊತ್ತು, ಮೂರನೆಯವರು ಕೈಕೆಲಸಕ್ಕೆ. ಹೋಲಿಸುವುದು ಹೇಗೆ? ನೀವೇ ಒಂದು ಪಟ್ಟಿ ಬರೆಯಿರಿ. ಒಡೆಯುವುದು, ರಾಬಿಟ್ (ಒಡೆದ ಕಲ್ಲುಮಣ್ಣು) ಕೆಳಗಿಳಿಸಿ ಸಾಗಿಸುವುದು, ನೀರಿನ ಪೈಪು, ಡ್ರೇನೇಜು, ವಾಟರ್‌ಪ್ರೂಫಿಂಗ್, ನೆಲ, ಗೋಡೆ ಟೈಲ್ಸ್, ಕಟ್ಟೆ, ಕರೆಂಟು, ಕಪಾಟು, ಬಣ್ಣ. ಪ್ರತಿಯೊಂದರ ಮುಂದೆ ಅಳತೆ, ಸಾಮಾನಿನ ಹೆಸರು, ದರ. ಅದೇ ಪಟ್ಟಿಯನ್ನು ಮೂವರಿಗೂ ಕೊಡಿ. ತುಂಬಿಕೊಡಲು ಯಾರು ಬೇಜಾರು ಮಾಡಿಕೊಳ್ಳುತ್ತಾರೋ ಅವರನ್ನು ಅಲ್ಲೇ ಬಿಟ್ಟುಬಿಡಿ. ಲಿಫ್ಟ್ ಇಲ್ಲದ ಮೂರನೇ ಮಹಡಿಗೆ ಸಾಮಾನು ಹೊರುವ ಕೂಲಿ ಯಾರದು ಅಂತಲೂ ಬರೆಸಿ. ಅರ್ಧ ಜಗಳ ಶುರುವಾಗುವುದು ಆ ಕೂಲಿಯಿಂದಲೇ.

ಎರಡನೆಯವರ 60 ಪರ್ಸೆಂಟ್ ಮುಂಗಡ ಖಂಡಿತಾ ಬೇಡ. ನಾನು ಹೇಳುವ ಲೆಕ್ಕ ಹೀಗೆ: ಶುರುವಿಗೆ 10ರಿಂದ 15 ಪರ್ಸೆಂಟ್, ಆಮೇಲೆ ಮುಗಿದ ಕೆಲಸಕ್ಕೆ ಮಾತ್ರ. ಪೈಪು ಮತ್ತು ವಾಟರ್‌ಪ್ರೂಫಿಂಗ್ ಪರೀಕ್ಷೆ ಪಾಸಾದ ಮೇಲೆ ಒಂದು ಕಂತು, ಟೈಲ್ಸ್ ಮತ್ತು ಕಟ್ಟೆ ಆದಮೇಲೆ ಒಂದು, ಕಪಾಟು ಆದಮೇಲೆ ಒಂದು. ಕೊನೆಯ 10 ಪರ್ಸೆಂಟ್ ಒಂದು ತಿಂಗಳು ನಿಮ್ಮ ಹತ್ತಿರವೇ ಇರಲಿ. ಎಲ್ಲವೂ ಬ್ಯಾಂಕಿನಿಂದಲೇ ಹೋಗಲಿ. ಬಿಲ್ ಕೊಟ್ಟರೆ 18 ಪರ್ಸೆಂಟ್ ಜಿಎಸ್‌ಟಿ ಸೇರುತ್ತದೆ, ದರದಲ್ಲಿ ಅದು ಸೇರಿದೆಯೋ ಇಲ್ಲವೋ ಮೊದಲೇ ಕೇಳಿ.

ಈಗ ನೀರು. ನಿಮ್ಮ ಹಳೇ ಪೈಪು ಪೂರ್ತಿ ತೆಗೆಸಿ. ಅರ್ಧ ಹೊಸದು ಅರ್ಧ ಹಳೇದು ಮಾಡಿದರೆ ಸೇರುವ ಜಾಗದಲ್ಲೇ ಸೋರುತ್ತದೆ. ಸಿಪಿವಿಸಿ ಅನ್ನುವ ಪ್ಲಾಸ್ಟಿಕ್ ಪೈಪು ಹಾಕಿಸಿ. ಗೋಡೆ ಮುಚ್ಚುವ ಮೊದಲು ಕೈಪಂಪಿನಿಂದ ಒತ್ತಡ ಕೊಟ್ಟು, ಮೀಟರಿನ ಮುಳ್ಳು ಇಳಿಯದೆ ನಿಲ್ಲುತ್ತದಾ ನೋಡಬೇಕು. ಅದೇ ಹೊತ್ತಿಗೆ ಪ್ರತಿ ಗೋಡೆಗೂ ಟೇಪು ಹಿಡಿದು ಫೋಟೋ ತೆಗೆಯಿರಿ. ನಾಳೆ ಮೊಳೆ ಹೊಡೆಯುವಾಗ ಪೈಪು ಎಲ್ಲಿದೆ ಎಂದು ಆ ಫೋಟೋ ಹೇಳುತ್ತದೆ. ಮೋರಿ ತೆಗೆಸುತ್ತಿದ್ದರೂ ನೆಲದಲ್ಲಿ ಒಂದು ನಹಾಣಿ ಟ್ರ್ಯಾಪ್ (ನೀರು ಇಳಿಯುವ ಜಾಲಿ) ಇರಲಿ, ಮಾಳಾದ ಟ್ಯಾಂಕು ಯಾವತ್ತಾದರೂ ಉಕ್ಕಿದರೆ ನೀರು ಹೋಗಲು ದಾರಿ ಬೇಕು. ವಾಟರ್‌ಪ್ರೂಫಿಂಗ್ ನೆಲಕ್ಕೆ ಮತ್ತು ಗೋಡೆಗೆ ಒಂದಡಿ ಮೇಲಿನವರೆಗೆ. ಒಣಗಿದ ಮೇಲೆ ಬಾಗಿಲಿಗೆ ಕಟ್ಟು ಹಾಕಿ 48 ಗಂಟೆ ನೀರು ನಿಲ್ಲಿಸಿ. ಕೆಳಗಿನ ಕಾಕೂ ಅವರನ್ನೇ ಕರೆದು ಅವರ ಸೀಲಿಂಗ್ ನೋಡಿಸಿ. ಇದು ಆಗದೆ ಒಂದು ಟೈಲ್ ಕೂಡ ಕೂರಬಾರದು.

ಪ್ಲೈ ವಿಷಯ. ಹಾಳೆಯ ಮೇಲೆ ಐಎಸ್‌ಐ ಗುರುತು ಇರುತ್ತದೆ, ಜೊತೆಗೆ ಐಎಸ್ 710 ಅಥವಾ ಐಎಸ್ 303 ಅಂತ. 710 ಅಂದರೆ ಮರೀನ್, ನೀರಿಗೆ ತಡೆಯುತ್ತದೆ. 303ರಲ್ಲಿ ಎರಡು ಬಗೆ ಇದೆ, ಬಿಡಬ್ಲ್ಯುಆರ್ (ಕುದಿನೀರಿಗೂ ತಕ್ಕಮಟ್ಟಿಗೆ ತಡೆಯುವುದು) ಪರವಾಗಿಲ್ಲ, ಎಂಆರ್ (ಬರೀ ತೇವಕ್ಕೆ ತಡೆಯುವುದು) ಅಡುಗೆಮನೆಗೆ ಬೇಡ. ಗುರುತಿನ ಕೆಳಗೆ ಲೈಸೆನ್ಸ್ ನಂಬರ್ ಇರುತ್ತದೆ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ. ಹಾಳೆ ಮನೆಗೆ ಬಂದ ದಿನವೇ, ಕತ್ತರಿಸುವ ಮೊದಲೇ ನೋಡಿ.

ನನ್ನನ್ನು ಕೇಳಿದರೆ ಸಿಂಕ್ ಕೆಳಗೆ ಪ್ಲೈಯೇ ಬೇಡ. ಕಟ್ಟೆಯ ಕೆಳಗೆ ಅಡ್ಡಗೋಡೆಗಳನ್ನು ಕಲ್ಲಿನಲ್ಲೇ ನಿಲ್ಲಿಸಿ, ಮುಂದೆ ಬಾಗಿಲು ಮಾತ್ರ ಪ್ಲೈದು ಮಾಡಿಸಿ. ಮುಂಬಯಿಯ ಹಳೇ ಮನೆಗಳಲ್ಲಿ ಹೀಗೇ ಮಾಡುತ್ತಿದ್ದರು, ಮೂವತ್ತು ವರ್ಷವಾದರೂ ಕಲ್ಲು ಉಬ್ಬುವುದಿಲ್ಲ.

ಓವನ್, ಗ್ರೈಂಡರ್ ಥರದವಕ್ಕೆ 16 ಆಂಪಿಯರ್ ಪಾಯಿಂಟ್, ಅದಕ್ಕೆ 4 ಚದರ ಮಿಲಿಮೀಟರ್ ತಂತಿ, ಬೇರೆ ಎಂಸಿಬಿ (ಕರೆಂಟು ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್). ಗ್ಯಾಸ್ ಪೈಪಿದ್ದರೆ ಮಿಸ್ತ್ರಿ ಅದನ್ನು ಮುಟ್ಟಬಾರದು. ಮಹಾನಗರ್ ಗ್ಯಾಸ್‌ಗೆ ಅರ್ಜಿ ಕೊಟ್ಟರೆ ಅವರ ಜನ ಬಂದು ಸರಿಸುತ್ತಾರೆ. ಕಪಾಟಿನ ಹಿಂದೆ ಅದನ್ನು ಮುಚ್ಚಿಬಿಡಬೇಡಿ, ವಾಲ್ವ್ ಕೈಗೆ ಸಿಗಬೇಕು.

ಎತ್ತರದ ಬಗ್ಗೆ ಯಾರ ಮಾತೂ ಕೇಳಬೇಡಿ, ನನ್ನದೂ ಸೇರಿ. ಮನೆಯ ಟೀಪಾಯಿ ಮೇಲೆ ಹಳೇ ಪೇಪರ್ ಕಟ್ಟು ಪೇರಿಸಿ, ಮೇಲೆ ಮಣೆ ಇಟ್ಟು, ನೀವಿಬ್ಬರೂ ರೊಟ್ಟಿ ಬಡಿದು ನೋಡಿ. ಒಂದೊಂದು ಇಂಚು ಏರಿಸುತ್ತಾ ಹೋಗಿ. ಭುಜ ಎಲ್ಲಿ ಹಗುರ ಅನಿಸುತ್ತದೋ ಅಲ್ಲಿ ಟೇಪು ಹಿಡಿಯಿರಿ.

ಪುಣೆ ಗೃಹಿಣಿ (ಕೊಥ್ರೂಡ್)

ಎಂಜಿನಿಯರ್ ಸರ್ ಹೇಳಿದ್ದರಲ್ಲಿ ಮುಕ್ಕಾಲು ಭಾಗ ಒಪ್ಪುತ್ತೇನೆ. ಒಂದು ಕಡೆ ಮಾತ್ರ ನನ್ನ ಅನುಭವ ಬೇರೆ.

ನಾನು 2019ರಲ್ಲಿ ಅಡುಗೆಮನೆ ಮಾಡಿಸಿದ್ದು ಬರೀ ಮಜೂರಿ ಲೆಕ್ಕದಲ್ಲಿ. ಆಗ ನಾನೂ ಕೆಲಸಕ್ಕೆ ಹೋಗುತ್ತಿದ್ದೆ. ಹನ್ನೊಂದು ಗಂಟೆಗೆ ಫೋನ್ ಬರುತ್ತಿತ್ತು, ಅಮ್ಮಾ, ಬಿಳಿ ಸಿಮೆಂಟ್ ಮುಗೀತು, ಅಂತ. ಆಫೀಸಿನಲ್ಲಿ ಕೂತು ನಾನೇನು ಮಾಡಲಿ? ಅವತ್ತು ಮೂರು ಜನ ಸುಮ್ನೆ ಕೂತು ಹೋದರು, ಕೂಲಿ ಮಾತ್ರ ಕೊಡಲೇಬೇಕು. ಒಂದು ತಿಂಗಳ ಕೆಲಸ ಎರಡೂವರೆ ತಿಂಗಳಾಯಿತು. ನಡುವೆ ಬಡಗಿ ದೀಪಾವಳಿಗೆ ರಾಜಸ್ಥಾನಕ್ಕೆ ಹೋದವನು ಇಪ್ಪತ್ತು ದಿನ ಬರಲಿಲ್ಲ. ತಪ್ಪು ಅವನದಲ್ಲ. ವರ್ಷಕ್ಕೊಮ್ಮೆ ಮಕ್ಕಳ ಮುಖ ನೋಡಲು ಹೋಗಿದ್ದ. ನಾನು ಮೊದಲೇ ಕೇಳಿರಲಿಲ್ಲ. ನೀವು ಕೇಳಿ, ಯಾವ ಹಬ್ಬಕ್ಕೆ ಯಾರು ಊರಿಗೆ ಹೋಗುತ್ತಾರೆ ಅಂತ. ಕೊಂಕಣದವರಾದರೆ ಗಣಪತಿಗೆ ಹೋಗೇ ಹೋಗುತ್ತಾರೆ.

ಅಕ್ಕಾ, ಆ ಭಾಂಡುಪ್ ಮಿಸ್ತ್ರಿಯೇ ಮನಸ್ಸಿಗೆ ಬಂದಿದ್ದರೆ ನಡುವಿನ ದಾರಿ ಕೇಳಿ ನೋಡಿ. ಸಿಮೆಂಟು, ಮರಳು, ಪೈಪು, ತಂತಿ, ಅಂಟು, ಮೊಳೆ, ಈ ಸಣ್ಣಪುಟ್ಟದ್ದೆಲ್ಲ ಅವನ ಜವಾಬ್ದಾರಿ. ಕಣ್ಣಿಗೆ ಕಾಣುವ ದೊಡ್ಡ ಸಾಮಾನು, ಅಂದರೆ ಟೈಲ್ಸ್, ಗ್ರಾನೈಟ್, ಸಿಂಕು, ಪ್ಲೈ, ಇವು ನಿಮ್ಮದು. ನಾಲ್ಕು ಅಂಗಡಿಗೆ ಹೋದರೆ ಮುಗಿಯುತ್ತದೆ.

ನನಗೆ ಮೋಸ ಆಗಿದ್ದು ಕಪಾಟಿನಲ್ಲಿ. ಸ್ಯಾಂಪಲ್ ತೋರಿಸಿದ್ದು ಒಳ್ಳೇ ಪ್ಲೈ, ಹಾಕಿದ್ದು ಪಾರ್ಟಿಕಲ್ ಬೋರ್ಡ್, ಮರದ ಪುಡಿ ಒತ್ತಿ ಮಾಡಿದ ಹಲಗೆ. ಮೇಲೆ ಲ್ಯಾಮಿನೇಟ್ ಅಂಟಿಸಿದ ಮೇಲೆ ಯಾರಿಗೆ ಕಾಣುತ್ತದೆ? ಎರಡನೇ ಮಳೆಗಾಲಕ್ಕೆ ಸಿಂಕ್ ಕೆಳಗಿನ ಬಾಗಿಲು ರವೆ ಇಡ್ಲಿ ಥರ ಉಬ್ಬಿತು. ಕೈಯಲ್ಲಿ ಹಿಡಿದರೆ ಪುಡಿ. ಆದ್ದರಿಂದ ನೀವು ಒಪ್ಪಿದ ಪ್ಲೈಯ ಒಂದು ತುಂಡಿಗೆ ಇಬ್ಬರೂ ಸಹಿ ಹಾಕಿ ನಿಮ್ಮ ಬೀರುವಿನಲ್ಲಿ ಇಟ್ಟುಕೊಳ್ಳಿ. ಲ್ಯಾಮಿನೇಟ್ ಅಂಟಿಸುವ ದಿನ ಮನೆಯಲ್ಲೇ ಇರಿ.

ಇನ್ನೊಂದು ಮಾತು. ನಮ್ಮ ಮನೆಗಳ ಸಾಮಾನನ್ನು ಇಲ್ಲಿನ ಡಿಸೈನ್ ಮಾಡುವವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ರುಬ್ಬುವ ಗ್ರೈಂಡರ್ ಎಲ್ಲಿ ಇಡುತ್ತೀರಿ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಈಗ ಅದು ಹಾಲಿನಲ್ಲಿ ಟಿವಿ ಪಕ್ಕ ಇದೆ. ಇಡ್ಲಿ ಪಾತ್ರೆ, ರೊಟ್ಟಿ ಹಂಚು, ಈಳಿಗೆ ಮಣೆ, ಹಿಟ್ಟಿನ ಡಬ್ಬ, ಎಲ್ಲವನ್ನೂ ನೆಲದ ಮೇಲೆ ಜೋಡಿಸಿ ಅಳತೆ ತೆಗೆದುಕೊಳ್ಳಿ. ಆಮೇಲೆ ಕಪಾಟು ಬರೆಸಿ. ಜೋಳದ ಹಿಟ್ಟಿನ ಡಬ್ಬ ಕಟ್ಟೆಯ ಕೆಳಗೇ ಕೈಗೆ ಸಿಗಬೇಕು, ಅಲ್ವಾ?

ಚಿಮಣಿ ಹಾಕಿಸುವುದಾದರೆ ಹೊಗೆಯ ಪೈಪು ಆದಷ್ಟು ನೇರ ಹೊರಗೆ ಹೋಗಲಿ. ತಿರುವು ಜಾಸ್ತಿ ಆದಷ್ಟೂ ಎಳೆಯುವುದು ಕಡಿಮೆ. ಒಗ್ಗರಣೆಯ ಮನೆಗೆ ಅದು ಮುಖ್ಯ.

ರೊಟ್ಟಿಮನೆ (ಮುಲುಂಡ್ ಪೂರ್ವ)

ಸರ್, ತಂಗೀ, ಇಬ್ಬರಿಗೂ ಕೈಮುಗಿಯುತ್ತೇನೆ.

ನಿನ್ನೆ ಭಾನುವಾರ ರೊಟ್ಟಿ ಪರೀಕ್ಷೆ ಮಾಡಿದೆವು. ಮಗಳು ಟೇಪು ಹಿಡಿದಳು. 26 ಇಂಚಿನಿಂದ ಶುರು ಮಾಡಿದೆವು, ಸೊಂಟ ಬಗ್ಗಿತು. 31ಕ್ಕೆ ಅತ್ತೆಯ ಮೊಣಕೈ ಮೇಲೆ ಬಂತು, ರೊಟ್ಟಿ ತಿರುಗಲೇ ಇಲ್ಲ. ಕೊನೆಗೆ 28ಕ್ಕೂ 29ಕ್ಕೂ ನಡುವೆ ಇಬ್ಬರಿಗೂ ಸರಿಹೋಯಿತು. ಅತ್ತೆ ನಿಂತುಕೊಂಡು ಐದು ರೊಟ್ಟಿ ಬಡಿದರು. ಒಂದು ವರ್ಷದಿಂದ ಅವರ ಕೈಯ ರೊಟ್ಟಿ ತಿಂದಿರಲಿಲ್ಲ. ಅಂಚು ಹರಿಯದೆ, ಕಾಗದದಷ್ಟು ತೆಳ್ಳಗೆ. ಯಜಮಾನರು ಮಾತಾಡದೆ ತಿಂದರು.

ಆದರೆ ಒಲೆ ಅಷ್ಟು ತಗ್ಗಿಗೆ ಬೇಡ ಅನಿಸುತ್ತದೆ, ದೊಡ್ಡ ಪಾತ್ರೆಯ ಬಾಯಿ ಕಾಣಬೇಕಲ್ಲ, 32 ಸಾಕು. ಹಾಗಾದರೆ ಕಟ್ಟೆಯನ್ನು ಎರಡು ಎತ್ತರದಲ್ಲಿ ಮಾಡಬಹುದಾ? ಕಿಟಕಿಯ ಕಡೆಯ 30 ಇಂಚು ಉದ್ದ ಮಾತ್ರ ತಗ್ಗು.

ಪಟ್ಟಿಯನ್ನೂ ಬರೆದು ಮೂವರಿಗೂ ಕಳಿಸಿದ್ದೇನೆ. ಸೊಸೈಟಿಯಲ್ಲಿ ಏನೇನು ಮಾಡಬೇಕು ಎಂದು ಯಾರಾದರೂ ಹೇಳಿ. ಕೆಳಗಿನ ಮನೆಯವರ ಜೊತೆ ಇನ್ನೊಂದು ಸಲ ಕೆಡುವುದು ನನಗೆ ಬೇಡ.

ಸೈಟ್ ಎಂಜಿನಿಯರ್ (ಠಾಣೆ)

ಮಾಡಬಹುದು ಅಕ್ಕಾ, ಏನೂ ಕಷ್ಟವಿಲ್ಲ. ಎರಡು ಎತ್ತರ ಸೇರುವಲ್ಲಿ ಕಲ್ಲಿನ ನಿಲುಪಟ್ಟಿ ಬರುತ್ತದೆ, ಅದರ ಸಂದಿಗೆ ಎಪಾಕ್ಸಿ ಅಂಟು ತುಂಬಿಸಿ, ಹಿಟ್ಟು ಕೂರುವುದಿಲ್ಲ. ಹೊಸ ಟೈಲ್ಸ್ ಹಾಕಿದ ಮೇಲೆ ನೆಲ ಸ್ವಲ್ಪ ಮೇಲೆ ಬರುತ್ತದೆ. 29 ಅಂದರೆ ಮುಗಿದ ನೆಲದಿಂದ ಕಲ್ಲಿನ ಮೇಲ್ಮೈವರೆಗೆ ಎಂದು ಬರೆಸಿ. ಇದನ್ನು ಬರೆಸದೆ ಒಂದೂವರೆ ಇಂಚು ತಪ್ಪಿದ ಮನೆಗಳನ್ನು ಬಹಳ ನೋಡಿದ್ದೇನೆ.

ಸೊಸೈಟಿ ಸೆಕ್ರೆಟರಿ (ಡೊಂಬಿವಲಿ)

ನಾನು ನಮ್ಮ ಸೊಸೈಟಿಯ ಸೆಕ್ರೆಟರಿಯಾಗಿ ಒಂಬತ್ತು ವರ್ಷ. ಸೆಕ್ರೆಟರಿ ಕಡೆಯಿಂದ ಕಾಣುವುದನ್ನು ಹೇಳುತ್ತೇನೆ ತಾಯೀ.

ಕೆಲಸ ಶುರುವಾಗುವ ಮೊದಲು ಸೊಸೈಟಿಗೆ ಪತ್ರ ಕೊಟ್ಟು ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ತೆಗೆದುಕೊಳ್ಳಿ. ಏನು ಒಡೆಯುತ್ತೀರಿ, ಎಷ್ಟು ದಿನ, ಕೆಲಸದವರು ಯಾರು ಎಂದು ಪತ್ರದಲ್ಲಿ ಇರಲಿ. ಬಹಳ ಕಡೆ ಡಿಪಾಸಿಟ್ ಕೇಳುತ್ತಾರೆ, ರಸೀದಿ ಇಟ್ಟುಕೊಳ್ಳಿ. ಮಧ್ಯಾಹ್ನ ಎಷ್ಟು ಹೊತ್ತು ಮಷೀನ್ ಓಡಿಸಬಾರದು, ಭಾನುವಾರ ಕೆಲಸ ಇದೆಯೋ ಇಲ್ಲವೋ, ಇದನ್ನು ಮಿಸ್ತ್ರಿಗೂ ಒಂದು ಪ್ರತಿ ಕೊಡಿ. ಸಮಯ ಗೊತ್ತಿಲ್ಲದೆ ಅವನು ದಿನಕ್ಕೆ ಎಂಟು ಗಂಟೆಯ ಲೆಕ್ಕ ಹಾಕಿರುತ್ತಾನೆ, ನಮ್ಮಲ್ಲಿ ಸಿಗುವುದು ಐದೋ ಆರೋ.

ಬೀಮು, ಕಂಬ ಯಾರೂ ಮುಟ್ಟಬಾರದು. ಪೈಪಿಗೆ ಜಾಗ ಬೇಕು ಎಂದು ಬೀಮಿನಲ್ಲಿ ತೂತು ಹೊಡೆದವರನ್ನು ನೋಡಿದ್ದೇನೆ. 1987ರ ಕಟ್ಟಡದಲ್ಲಿ ಆ ಸಾಹಸ ಬೇಡವೇ ಬೇಡ. ಸಿಂಕು, ನಳ ಈಗಿರುವ ಅಡುಗೆಮನೆಯೊಳಗೇ ಇರಲಿ. ಕೆಳಗಿನವರ ಮಲಗುವ ಕೋಣೆಯ ಮೇಲೆ ನೀರಿನ ಕೆಲಸ ತಂದರೆ ಯಾವ ಸೊಸೈಟಿಯೂ ಒಪ್ಪುವುದಿಲ್ಲ, ಒಪ್ಪಲೂಬಾರದು.

ರಾಬಿಟ್ ಬಗ್ಗೆ. ನಮ್ಮಲ್ಲಿ ಒಂದು ಅಡುಗೆಮನೆಯಿಂದ 120 ಚೀಲ ಇಳಿಯಿತು. ಮೆಟ್ಟಿಲ ಮೇಲೆ ಇಡಬಾರದು, ಗೇಟಿನ ಹೊರಗೆ ಸುರಿಯಬಾರದು. ನಿಮ್ಮದು ಬಿಎಂಸಿ (ಮುಂಬಯಿ ಮಹಾನಗರ ಪಾಲಿಕೆ) ವ್ಯಾಪ್ತಿ, ಅಲ್ಲಿ ಡೆಬ್ರಿಸ್ ಆನ್ ಕಾಲ್ ಸೇವೆ ಇದೆ, ಹಣ ಕಟ್ಟಿದರೆ ಅವರೇ ಎತ್ತುತ್ತಾರೆ.

ಕೆಳಗಿನ ಮನೆಯ ವಿಷಯ ಮುಖ್ಯ. ಒಡೆಯುವ ಮೊದಲೇ ಅವರ ಮನೆಗೆ ಹೋಗಿ. ಅವರ ಅಡುಗೆಮನೆಯ ಸೀಲಿಂಗಿನ ಫೋಟೋ ಅವರ ಎದುರೇ ತೆಗೆದು, ಅವರಿಗೂ ಕಳಿಸಿ. ಇದ್ದ ಬಿರುಕು ಯಾವುದು, ಹೊಸದು ಯಾವುದು ಎಂಬ ಮಾತೇ ಆಮೇಲೆ ಬರುವುದಿಲ್ಲ. ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ.

ಕಾಂಟ್ರಾಕ್ಟರ್ ಕೈಕೊಟ್ಟರೆ ದಾರಿ ಇಲ್ಲ ಎಂದು ತಿಳಿಯಬೇಡಿ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು, ಎರಡು ವರ್ಷದೊಳಗೆ. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಆದರೆ ಕೈಯಲ್ಲಿ ಕಾಗದ ಬೇಕು. ಬರೆದ ಕರಾರು, ಬ್ಯಾಂಕಿನ ದಾಖಲೆ, ವಾಟ್ಸಾಪ್ ಮಾತು. ಬಚ್ಚಲುಮನೆಯ ಸಲ ನಿಮ್ಮ ಹತ್ತಿರ ಅದ್ಯಾವುದೂ ಇರಲಿಲ್ಲ ಅಂತ ಕಾಣುತ್ತದೆ.

ವಾಸ್ಕೋದಿಂದ

ಚಿಕ್ಕ ಮಾತು. ಗೋವಾದ ಉಪ್ಪುಗಾಳಿಯಲ್ಲಿ ನಾನು ಕಲಿತಿದ್ದು. ಸ್ಟೀಲ್ ಬುಟ್ಟಿ, ಸಿಂಕು, ಕೀಲು ಎಲ್ಲ 304 ದರ್ಜೆಯದೇ ಇರಲಿ. ಅಗ್ಗದ್ದು ಮೂರು ತಿಂಗಳು ಹೊಳೆಯುತ್ತದೆ, ಆಮೇಲೆ ಕೆಂಪು ಚುಕ್ಕಿ ಬರುತ್ತದೆ. ಸಿಂಕು 8 ಇಂಚಿಗಿಂತ ಆಳ ಇದ್ದರೆ ಒಳ್ಳೆಯದು, ರೊಟ್ಟಿ ಹಂಚು, ಕುಕ್ಕರ್ ತೊಳೆಯುವಾಗ ನೀರು ಮೈಮೇಲೆ ಹಾರುವುದಿಲ್ಲ. ಮತ್ತೆ ಅಮ್ಮನವರಿಗಾಗಿ ನೆಲಕ್ಕೆ ನುಣುಪು ಟೈಲ್ಸ್ ಹಾಕಿಸಬೇಡಿ, ಒರಟು ಮೈಯದು ಕೇಳಿ ತನ್ನಿ. ಅಂಗಡಿಯಲ್ಲೇ ಒಂದು ಲೋಟ ನೀರು ಚೆಲ್ಲಿ, ಬರಿಗಾಲಲ್ಲಿ ನಿಂತು ನೋಡಿ.

ರೊಟ್ಟಿಮನೆ (ಮುಲುಂಡ್ ಪೂರ್ವ)

ಮೂರು ವಾರ ಆದಮೇಲೆ ಬರೆಯುತ್ತಿದ್ದೇನೆ.

ಪಟ್ಟಿ ತುಂಬಿ ಕೊಟ್ಟವರು ಇಬ್ಬರು. ಮಾಡ್ಯುಲರ್ ಅಂಗಡಿಯವರು ಸಭ್ಯವಾಗಿಯೇ ಉತ್ತರಿಸಿದರು. ಆದರೆ ಎಲ್ಲ ಸೇರಿ 5,60,000 ಆಯಿತು, ನಮ್ಮ ಕೈಗೆ ಎಟಕುವುದಿಲ್ಲ. ಅರ್ಧ ಹಾಳೆಯವರು ಪಟ್ಟಿ ನೋಡಿ, ಇಷ್ಟು ನಂಬಿಕೆ ಇಲ್ಲದಿದ್ದರೆ ಬಿಡಿ ಅಂದರು. ಬಿಟ್ಟೆವು.

ಭಾಂಡುಪ್ ಮಿಸ್ತ್ರಿಗೆ ಕೊಟ್ಟಿದ್ದೇವೆ. ಕೊಥ್ರೂಡ್ ತಂಗಿ ಹೇಳಿದ ನಡುವಿನ ದಾರಿ. ಸಣ್ಣ ಸಾಮಾನು ಸೇರಿ ಅವರಿಗೆ 1,65,000, ದೊಡ್ಡ ಸಾಮಾನು ನಮ್ಮದು, ಒಟ್ಟು 3,20,000ದೊಳಗೆ ಮುಗಿಯುವ ಲೆಕ್ಕ. ಉಳಿದ 30,000 ಗೋಡೆಯೊಳಗೆ ಏನಾದರೂ ಹೊರಟರೆ ಇರಲಿ ಎಂದು ಎತ್ತಿಟ್ಟಿದ್ದೇವೆ. ಮುಂಗಡ 15 ಪರ್ಸೆಂಟ್. ಕರಾರು ಮರಾಠಿಯಲ್ಲೇ ಬರೆದೆವು, ಅವರಿಗೆ ಓದಲು ಬರಬೇಕಲ್ಲ. ಮಗಳು ಬರೆದಳು. 48 ಗಂಟೆ ನೀರು ನಿಲ್ಲಿಸುವ ಸಾಲನ್ನು ಅವರು ತಾವಾಗಿಯೇ ದೊಡ್ಡ ಅಕ್ಷರದಲ್ಲಿ ಬರೆಸಿದರು. ಊರು ಸಿಂಧುದುರ್ಗದ ಕಡೆ, ಗಣಪತಿಗೆ ಹೋಗಿಬಂದ ಮೇಲೆ ಕೆಲಸ ಶುರು. ಮಳೆಯೂ ಅಷ್ಟು ಹೊತ್ತಿಗೆ ಕಡಿಮೆ ಆಗಿರುತ್ತದೆ. ಅವರು ಮೊದಲು ಮಾಡಿದ ಎರಡು ಮನೆಗೂ ಹೋಗಿ ನೋಡಿ ಬಂದೆ. ಒಂದು ಮನೆಯ ಅಜ್ಜಿ ಸಿಂಕ್ ಕೆಳಗಿನ ಬಾಗಿಲು ತಾವೇ ತೆರೆದು ತೋರಿಸಿದರು. ಆರು ವರ್ಷದ ಕೆಲಸ, ಕೈಯಾಡಿಸಿದೆ, ಒಣಗಿಯೇ ಇತ್ತು.

ಕೆಳಗಿನ ಕಾಕೂ ಮನೆಗೆ ಶೇಂಗಾ ಹೋಳಿಗೆ ಒಯ್ದಿದ್ದೆ. ಫೋಟೋ ತೆಗೆಯುವಾಗ ಅವರೇ ಸ್ಟೂಲ್ ತಂದು ಹಿಡಿದರು. ನೀರು ನಿಲ್ಲಿಸುವ ದಿನ ಹೇಳು, ರಾತ್ರಿ ಎದ್ದಾದರೂ ನೋಡುತ್ತೇನೆ ಅಂದಿದ್ದಾರೆ.

ಅತ್ತೆಯನ್ನು ಆ ಒಂದೂವರೆ ತಿಂಗಳು ಧಾರವಾಡದಲ್ಲಿ ನಾದಿನಿಯ ಮನೆಯಲ್ಲಿ ಬಿಡುತ್ತೇವೆ. ಸಿಮೆಂಟಿನ ಧೂಳು ಅವರಿಗೆ ಆಗುವುದಿಲ್ಲ. ಚಾಲುಕ್ಯ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಆಗಿದೆ. ಹೋಗುವ ಮೊದಲು ಅವರು ಕೇಳಿದ್ದು ಒಂದೇ. ಹಳೇ ಕಡಪಾ ಕಲ್ಲನ್ನು ಪೂರ್ತಿ ಒಡೆಯಬೇಡಿ, ಒಂದು ತುಂಡು ಉಳಿಸಿ ಅಂತ. ಮೂವತ್ತೇಳು ವರ್ಷ ಅದರ ಮೇಲೆ ಹಿಟ್ಟು ನಾದಿದ ಕೈ ಅವರದು. ಮಿಸ್ತ್ರಿಗೆ ಹೇಳಿದೆ. ಕಲ್ಲಿನ ಅಂಚು ಬೆರಳಿನಿಂದ ತಟ್ಟಿ ಕೇಳಿದರು, ಬಿರುಕಿಲ್ಲ, ಪಾಲಿಶ್ ಮಾಡಿ 30ಕ್ಕೆ 22 ಇಂಚು ಕತ್ತರಿಸಿ ಕಿಟಕಿಯ ಕಡೆ ಕೂರಿಸುತ್ತೇನೆ ಅಂದರು. ಪೆನ್ಸಿಲ್ ತೆಗೆದು ಗೋಡೆಯ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಹೊಸ ನೆಲದಿಂದ 29 ಎಂದು ಬರೆದಿದ್ದಾರೆ.

ಶುರುವಾದ ಮೇಲೆ ಫೋಟೋ ಹಾಕುತ್ತೇನೆ. ಗೋಡೆ ಟೈಲ್ಸಿಗೆ ತಿಳಿ ಹಳದಿಯೋ ಬಿಳಿಯೋ ಇನ್ನೂ ಗೊತ್ತಾಗಿಲ್ಲ, ಅರಿಶಿನದ ಕೈ ತಾಗುವ ಮನೆಗೆ ಯಾವುದು ಒಳ್ಳೆಯದು ಹೇಳಿ.